ಹಳೇ ಔಟ್‌ಬೋರ್ಡ್ ಮೋಟರ್: ಪ್ರೊಪೆಲರ್ ಪಿನ್ ಮುರಿಯಿತು, ಮೊಳೆ ಹಾಕಿದ್ದೇನೆ. ನಡೆಯುತ್ತಾ?

ಮೆಂಡೋಟಾ ಮಂಜ
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಸುತ್ತ ಕೆರೆಗಳೇ. ಹೋದ ವರ್ಷ ಹಳೇ ಮೋಟರುಗಳ ಸಂತೆಯಲ್ಲಿ ಒಂದು ಜಾನ್ಸನ್ ಜೆಡಬ್ಲ್ಯೂ ಕೊಂಡೆ, ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರು. 3 ಎಚ್.ಪಿ., 1950ರ ದಶಕದ್ದು. ನ್ಯೂಟ್ರಲ್ ಇಲ್ಲ, ರಿವರ್ಸ್ ಇಲ್ಲ. ಹಗ್ಗ ಎಳೆದು ಇಂಜಿನ್ ಹಿಡಿಯಿತು ಅಂದರೆ ದೋಣಿ ಹೊರಟಿತು ಅಂತಲೇ ಅರ್ಥ. ಹಿಂದಕ್ಕೆ ಹೋಗಬೇಕಾದರೆ ಇಡೀ ಮೋಟರನ್ನೇ ಹಿಂದುಮುಂದು ತಿರುಗಿಸಬೇಕು.

ಮೊನ್ನೆ ಶನಿವಾರ ದಡದ ಹತ್ತಿರ ನೀರಿನೊಳಗೆ ಮರದ ಬೊಡ್ಡೆಯೊಂದಕ್ಕೆ ತಾಗಿತು. ಟಕ್ ಅಂತ ಒಂದೇ ಸದ್ದು. ಆಮೇಲೆ ಇಂಜಿನ್ ಒಂದೇ ಸಮ ಕಿರುಚುತ್ತಿದೆ, ದೋಣಿ ನಿಂತಲ್ಲೇ ನಿಂತಿದೆ. ಹುಟ್ಟು ಹಾಕಿಕೊಂಡು ವಾಪಸ್ ಬಂದೆ. ಮನೆಗೆ ತಂದು ಪ್ರೊಪೆಲರ್ ಬಿಚ್ಚಿದರೆ ಒಳಗಿನ ಅಡ್ಡ ಪಿನ್ ಮೂರು ತುಂಡಾಗಿತ್ತು. ಗ್ಯಾರೇಜಿನಲ್ಲಿದ್ದ ಮೊಳೆಯೊಂದನ್ನು ಕತ್ತರಿಸಿ ಹಾಕಿದೆ. ಈಗ ಚೆನ್ನಾಗಿ ಓಡುತ್ತಿದೆ. ಹೀಗೇ ಬಿಡಬಹುದಾ?

ಚಳಿನಾಡು
ದಯವಿಟ್ಟು ಬಿಡಬೇಡಿ. ಊರಲ್ಲಿ ಫ್ಯೂಸ್ ಹೋದಾಗ ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿ ಟಿವಿ ಹಾಕುತ್ತಿದ್ದೆವಲ್ಲ, ನೀವು ಮಾಡಿರುವುದು ಅದೇ. ನಿಮ್ಮಲ್ಲಿ ಮುರಿದ ಆ ಅಡ್ಡ ಪಿನ್ನಿನ ಹೆಸರು ಶಿಯರ್ ಪಿನ್. ಗೇರು ಉಳಿಯಬೇಕು, ತಾನು ಮುರಿಯಲಿ ಅಂತಲೇ ಇಟ್ಟಿರುತ್ತಾರೆ.

ನನ್ನ ಮೊದಲ ಹಳೇ ಮೋಟರಿಗೆ (ಯಾವುದು ಅಂತ ಹೇಳಲ್ಲ, ನಾಚಿಕೆ) ಡ್ರಿಲ್ ಬಿಟ್ಟಿನ ಹಿಂಬದಿ ತುಂಡು ಮಾಡಿ ಹಾಕಿದ್ದೆ. ಗಟ್ಟಿ ಇದೆ, ಮುರಿಯಲ್ಲ ಅಂತ ಖುಷಿ. ನಿಜಕ್ಕೂ ಮುರಿಯಲಿಲ್ಲ. ಕಲ್ಲಿಗೆ ಹೊಡೆದಾಗ ಪಿನ್ ಹಾಗೇ ಇತ್ತು, ಗೇರಿನ ಎರಡು ಹಲ್ಲು ಉದುರಿತ್ತು. ಆ ಗೇರು ಹುಡುಕಲು 7 ತಿಂಗಳು ಬೇಕಾಯಿತು. ಕೊನೆಗೆ ಸಿಕ್ಕ ಬೆಲೆಗೆ ಇನ್ನೊಂದು ಮೋಟರೇ ಬರುತ್ತಿತ್ತು.

ಪೀಣ್ಯ ಲೇತು
ಬೋಟು ಓಡಿಸಿದವನಲ್ಲ ನಾನು, ಆದರೆ ಪಿನ್ನು ತಿರುವಿದವನು. ಮಂಜ ಅವರೇ, ಮೊಳೆಯನ್ನು ವರ್ನಿಯರ್‌ನಲ್ಲಿ ಅಳತೆ ಮಾಡಿದಿರಾ? ಶಾಫ್ಟಿನ ತೂತು ಎಷ್ಟಿದೆ?

ಮೆಂಡೋಟಾ ಮಂಜ
ಈಗ ನೋಡಿದೆ. ತೂತಿಗೆ 3/16 ಇಂಚಿನ ಡ್ರಿಲ್ ಬಿಟ್ಟು ಸರಿಯಾಗಿ ಕೂರುತ್ತದೆ. ಮೊಳೆ 4.1 ಮಿ.ಮೀ. ಇದೆ. ಸ್ವಲ್ಪ ಲೂಸು.

ಪೀಣ್ಯ ಲೇತು
ಸ್ವಲ್ಪ ಅಲ್ಲ, ಜಾಸ್ತಿನೇ ಲೂಸು. 3/16 ಇಂಚು ಅಂದರೆ 4.76 ಮಿ.ಮೀ. ನಮ್ಮ ಕಡೆ ಹೇಳುವ ಹಾಗೆ ಒಂದೂವರೆ ನೂಲು. ನಿಮ್ಮ ಮೊಳೆ ಅದಕ್ಕಿಂತ ಅರ್ಧ ಮಿ.ಮೀ.ಗೂ ಮೀರಿ ಸಣ್ಣ. ಇಂಜಿನ್ ಪ್ರತಿ ಸಲ ಗುದ್ದಿದಾಗಲೂ ಅದು ಅತ್ತಿತ್ತ ಬಡಿದು ತೂತನ್ನು ಮೊಟ್ಟೆ ಆಕಾರ ಮಾಡುತ್ತದೆ. ಪಿನ್ ಹಾಳಾದರೆ ಚಿಲ್ಲರೆ ಕಾಸು, ಶಾಫ್ಟು ಹಾಳಾದರೆ ಎಲ್ಲಿಂದ ತರುತ್ತೀರಿ?

ಇನ್ನು ಗಟ್ಟಿ ಎಷ್ಟಿರಬೇಕು ಅನ್ನುವುದು. ಅಂದಾಜು ಲೆಕ್ಕ ಮಾಡೋಣ. 3 ಎಚ್.ಪಿ. ಅಂದರೆ ಸುಮಾರು 2,237 ವಾಟ್. ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ, ಕ್ರ್ಯಾಂಕಿನಲ್ಲಿ (ಇಂಜಿನ್ ತಿರುಗಿಸುವ ಶಾಫ್ಟು) ಟಾರ್ಕ್, ಅಂದರೆ ತಿರುಚುವ ಬಲ, 5.3 ನ್ಯೂಟನ್ ಮೀಟರ್. ಗೇರು ಸುತ್ತನ್ನು ಅರ್ಧಕ್ಕೆ ಇಳಿಸುತ್ತದೆ ಅಂತ ಹಿಡಿದರೆ ಪ್ರೊಪೆಲರ್ ಶಾಫ್ಟಿಗೆ ಅದರ ಎರಡರಷ್ಟು, 10.7. ಶಾಫ್ಟು ಅರ್ಧ ಇಂಚು ದಪ್ಪ ಅಂದರೆ ಪಿನ್ನಿನ ಒಂದೊಂದು ಬದಿಗೂ ಸುಮಾರು 840 ನ್ಯೂಟನ್ ಬೀಳುತ್ತದೆ. ಪಿನ್ ಕತ್ತರಿಸುವುದು ಎರಡು ಕಡೆ. ಅದಕ್ಕೇ ನಿಮಗೆ ಮೂರು ತುಂಡು ಸಿಕ್ಕಿದ್ದು.

3/16 ಪಿನ್ನಿನ ಅಡ್ಡ ಕೊಯ್ತ 17.8 ಚದರ ಮಿ.ಮೀ. ಭಾಗಿಸಿದರೆ 47 ಮೆಗಾಪಾಸ್ಕಲ್, ಅಂದರೆ ಒಂದೊಂದು ಚದರ ಮಿ.ಮೀ.ಗೆ 47 ನ್ಯೂಟನ್ ಆಯಿತು. ಹಿತ್ತಾಳೆ ಕತ್ತರಿಸಲು 200ರಿಂದ 250 ಬೇಕು. ಅಂದರೆ ಮಾಮೂಲಿ ಓಟದಲ್ಲಿ ಹಿತ್ತಾಳೆ ಪಿನ್ನಿಗೆ ನಾಲ್ಕೈದು ಪಟ್ಟು ಮೀಸಲಿದೆ. ಸುಮ್ನೆ ಓಡುವಾಗ ಮುರಿಯುವುದಿಲ್ಲ. ಆದರೆ ಅಲಗು ಬೊಡ್ಡೆಗೆ ಸಿಕ್ಕಿ ತಟ್ಟನೆ ನಿಂತಾಗ ಇಂಜಿನ್ ಟಾರ್ಕ್ ಒಂದೇ ಅಲ್ಲ, ಮೇಲೆ ಗಿರಗಿರ ತಿರುಗುತ್ತಿರುವ ಫ್ಲೈವೀಲ್ (ಭಾರದ ಚಕ್ರ) ಕೂಡ ನಿಲ್ಲಲೊಲ್ಲೆ ಅನ್ನುತ್ತದೆ. ಆಗ ಬರುವ ಹೊಡೆತ ಈ ಮೀಸಲನ್ನು ದಾಟುತ್ತದೆ, ಪಿನ್ ಹೋಗುತ್ತದೆ, ಗೇರು ಉಳಿಯುತ್ತದೆ. ಸ್ಟೇನ್‌ಲೆಸ್ ಹಾಕಿದರೆ ಮೀಸಲು ಇನ್ನೂ ಹೆಚ್ಚು. ಡ್ರಿಲ್ ಬಿಟ್ಟು, ಅಲೆನ್ ಕೀ ಇವೆಲ್ಲ ಹದ ಮಾಡಿದ ಉಕ್ಕು, ಅದರ ಮಾತೇ ಬೇಡ.

ಒಂದು ಮಾತು ಮೊಳೆಯ ಪರವಾಗಿ. ಮೊಳೆ ಮೆತ್ತನೆ ಕಬ್ಬಿಣವೇ, ಡ್ರಿಲ್ ಬಿಟ್ಟಿನಷ್ಟು ಪಾಪಿ ಅಲ್ಲ. ಅದರ ತೊಂದರೆ ಬೇರೆ. ಕಚಕ್ಕನೆ ಕತ್ತರಿಸುವ ಬದಲು ಬಾಗುತ್ತದೆ. ಬಾಗಿದ ಮೇಲೆ ತುಕ್ಕು ಹಿಡಿದು ತೂತಿನಲ್ಲೇ ಊದಿಕೊಂಡರೆ ತೆಗೆಯುವ ಹೊತ್ತಿಗೆ ನಿಮ್ಮ ತಾಳ್ಮೆ ಮುಗಿದಿರುತ್ತದೆ.

ಸುಮ್ನೆ ಓದುವವಳು
ಪ್ರೊಪೆಲರ್ ಅಂದರೆ ನಟ್ ಹಾಕಿ ಬಿಗಿಯುವುದು ಅಂದುಕೊಂಡಿದ್ದೆ. ಹಾಗಾದರೆ ನಟ್ಟು ಯಾಕೆ? ಪಿನ್ನೇ ಎಲ್ಲ ಮಾಡುತ್ತದಾ?

ಚಳಿನಾಡು
ಒಳ್ಳೆ ಪ್ರಶ್ನೆ. ಕೆಲಸ ಹಂಚಿಕೊಂಡಿವೆ. ಶಿಯರ್ ಪಿನ್ ತಿರುಗಿಸುತ್ತದೆ, ಅಷ್ಟೇ. ಅದು ಶಾಫ್ಟಿನಲ್ಲಿ ಅಡ್ಡ ಕೂತು ಎರಡು ತುದಿಯಿಂದ ಪ್ರೊಪೆಲರ್ ಹಿಡಿದುಕೊಳ್ಳುತ್ತದೆ. ಹಿಂದೆ ಶಂಕುವಿನ ಆಕಾರದ ನಟ್ಟು ಇರುತ್ತದೆ, ಅದು ಪ್ರೊಪೆಲರ್ ಜಾರಿ ನೀರಿಗೆ ಬೀಳದ ಹಾಗೆ ತಡೆಯುತ್ತದೆ. ಆ ನಟ್ಟು ಬಿಚ್ಚಿಕೊಳ್ಳದ ಹಾಗೆ ತಡೆಯಲು ಕಾಟರ್ ಪಿನ್. ಎತ್ತಿನ ಗಾಡಿಯ ಕಡಾಣಿ ನೋಡಿದ್ದೀರಲ್ಲ, ಅದೇ. ದೋಣಿಯನ್ನು ಮುಂದಕ್ಕೆ ನೂಕುವ ಬಲ ಇವು ಯಾವುದಕ್ಕೂ ಬೀಳುವುದಿಲ್ಲ, ಅದು ಪ್ರೊಪೆಲರ್‌ನಿಂದ ಮುಂದಕ್ಕೆ, ಗೇರ್ ಪೆಟ್ಟಿಗೆಯ ಕಡೆಗೆ ಹೋಗುತ್ತದೆ. ದೊಡ್ಡ ಮೋಟರುಗಳಲ್ಲಿ ಅಲ್ಲೊಂದು ಥ್ರಸ್ಟ್ ವಾಷರ್ ಇರುತ್ತದೆ. ಬಿಚ್ಚಿದವರು ಅದನ್ನು ವಾಪಸ್ ಹಾಕುವುದು ಮರೆತು, ಗೇರ್ ಪೆಟ್ಟಿಗೆಗೆ ನೀರು ನುಗ್ಗದ ಹಾಗೆ ತಡೆಯುವ ಸೀಲ್ ತಿನ್ನಿಸಿದ ಮೋಟರುಗಳನ್ನು ಸಂತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಐದೆಲೆ ಸೀಗಲ್
ಇಂಗ್ಲೆಂಡಿನಿಂದ ನನ್ನದೊಂದು ಮಾತು. ನಮ್ಮ ಬ್ರಿಟಿಷ್ ಸೀಗಲ್‌ನಲ್ಲಿ ಈ ಪಿನ್ನಿನ ರಗಳೆಯೇ ಇಲ್ಲ. ಸ್ಪ್ರಿಂಗ್ ಇದೆ!

ನಗಬೇಡಿ. ಡಾರ್ಸೆಟ್‌ನ ಪೂಲ್ ಊರಿನಲ್ಲಿ ತಯಾರಾಗುತ್ತಿದ್ದ ಮೋಟರು. ಜಗತ್ತಿನ ಅತ್ಯುತ್ತಮ ಔಟ್‌ಬೋರ್ಡ್ ಅಂತ ಜಾಹೀರಾತು ಕೊಡುತ್ತಿದ್ದರು. ಪಕ್ಕದ ದೋಣಿಯವರು ಅದರ ಹೊಗೆ ಕುಡಿದು ಬೇರೆ ಏನೋ ಅನ್ನುತ್ತಿದ್ದರು, ಅದು ಬಿಡಿ. ಪ್ರೊಪೆಲರ್ ಮುಂದೆ ದಪ್ಪ ಸುರುಳಿ ಸ್ಪ್ರಿಂಗ್ ಒಂದು ಶಾಫ್ಟನ್ನು ಸುತ್ತಿಕೊಂಡಿರುತ್ತದೆ. ಒಂದು ತುದಿ ಶಾಫ್ಟಿನ ತೂತಿಗೆ, ಇನ್ನೊಂದು ತುದಿ ಪ್ರೊಪೆಲರ್‌ಗೆ. ಇಂಜಿನ್ ತಿರುಗಿದರೆ ಸ್ಪ್ರಿಂಗ್ ಬಿಗಿದುಕೊಂಡು ಪ್ರೊಪೆಲರ್ ಎಳೆದುಕೊಂಡು ಹೋಗುತ್ತದೆ. ಏನಾದರೂ ತಾಗಿದರೆ ಆ ಪೆಟ್ಟನ್ನು ಸ್ಪ್ರಿಂಗ್ ನುಂಗಿಕೊಳ್ಳುತ್ತದೆ. ರಿವರ್ಸ್ ಇಲ್ಲದ ಮೋಟರು, ಒಂದೇ ದಿಕ್ಕಿಗೆ ತಿರುಗುವುದು. ಅದಕ್ಕೇ ಈ ಉಪಾಯ ನಡೆಯುತ್ತದೆ.

ನನ್ನದು ಐದು ಅಲಗಿನ ದೊಡ್ಡ ಪ್ರೊಪೆಲರ್. ನಿಧಾನಕ್ಕೆ ತಿರುಗುತ್ತದೆ, ಭಾರದ ದೋಣಿಯನ್ನೂ ಎಮ್ಮೆ ಹಾಗೆ ತಳ್ಳಿಕೊಂಡು ಹೋಗುತ್ತದೆ. ವೇಗ ಮಾತ್ರ ಕೇಳಬೇಡಿ.

ಮೆಂಡೋಟಾ ಮಂಜ
ಸ್ಪ್ರಿಂಗ್ ಮುರಿಯುವುದೇ ಇಲ್ವಾ?

ಐದೆಲೆ ಸೀಗಲ್
ಮುರಿಯುತ್ತದೆ. ತುದಿಯ ಕೊಕ್ಕೆ ಹತ್ತಿರ ಸವೆದು ಒಂದು ದಿನ ಹೋಗುತ್ತದೆ. ಅದಕ್ಕೇ ಒಂದು ಹೆಚ್ಚಿಗೆ ಸ್ಪ್ರಿಂಗ್, ನಾಲ್ಕು ಕಾಟರ್ ಪಿನ್ ಯಾವಾಗಲೂ ದೋಣಿಯಲ್ಲಿ ಇಟ್ಟಿರುತ್ತೇನೆ. ಕಾಟರ್ ಪಿನ್ ವಿಷಯದಲ್ಲಿ ಜಿಪುಣತನ ಬೇಡ. ಒಂದು ಸಲ ಬಿಚ್ಚಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಬಾಗಿದ ಜಾಗದಲ್ಲೇ ಮುರಿಯುತ್ತದೆ. ಆಮೇಲೆ ನಿಮ್ಮ ಪ್ರೊಪೆಲರ್ ಮೀನಿನ ಆಸ್ತಿ.

ಅಳಿವೆ ಹುಡುಗ
ನಮ್ಮದು ಗಂಗೊಳ್ಳಿ. ನಿಮ್ಮ ಮೋಟರುಗಳಷ್ಟು ಹಳೇದಲ್ಲ, ಆದರೆ ಅಪ್ಪನ ನಾಡದೋಣಿಗೆ ಔಟ್‌ಬೋರ್ಡೇ. ಪೆಟ್ರೋಲಲ್ಲಿ ಚಾಲೂ ಮಾಡಿ ಆಮೇಲೆ ಸೀಮೆಎಣ್ಣೆಗೆ ಬದಲಾಯಿಸುವುದು. ಇಷ್ಟೊತ್ತು ಓದಿದೆ. ಒಂದು ವಿಷಯ ಯಾರೂ ಹೇಳಲಿಲ್ಲ.

ಪಿನ್ ಮುರಿದರೆ ಗೇರು ಉಳಿಯುತ್ತದೆ, ಸರಿ. ಆದರೆ ಮುರಿಯುವ ಜಾಗ ಯಾವುದು? ನಿಮ್ಮ ಕೆರೆಯಲ್ಲಿ ಮುರಿದರೆ ಹುಟ್ಟು ಹಾಕಿಕೊಂಡು ಬರುತ್ತೀರಿ. ನಮ್ಮಲ್ಲಿ ಪಂಚಗಂಗಾವಳಿ ಸಮುದ್ರ ಸೇರುವ ಅಳಿವೆ ಇದೆ. ಐದು ಹೊಳೆ ನೀರು ಆಚೆ ನೂಕುತ್ತದೆ, ಕಡಲು ಈಚೆ ನೂಕುತ್ತದೆ, ನಡುವೆ ಮರಳ ದಿಬ್ಬ. ಮಳೆಗಾಲವೇ ನಾಡದೋಣಿಯ ಕಾಲ. ತೆರೆ ಏಳುವ ಜಾಗದಲ್ಲಿ ಪ್ರೊಪೆಲರ್ ಮರಳಿಗೆ ತಾಗಿ ಪಿನ್ ಹೋಯಿತು ಅಂದರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ತೆರೆ ಏನು ಮಾಡುತ್ತದೆ ಅಂತ ಬರೆಯಬೇಕಾಗಿಲ್ಲ.

ಅಪ್ಪನ ಮೋಟರಿನಲ್ಲಿ ಅಡ್ಡ ಪಿನ್ ಇಲ್ಲ. ಶಾಫ್ಟಿಗೆ ಉದ್ದುದ್ದ ಹಲ್ಲು, ಪ್ರೊಪೆಲರ್ ನಡುವೆ ರಬ್ಬರ್ ಬುಷ್. ಜೋರಾಗಿ ತಾಗಿದರೆ ಬುಷ್ ಜಾರುತ್ತದೆ. ಜಾರಿದ ಮೇಲೂ ರೇಸ್ ಕಮ್ಮಿ ಇಟ್ಟರೆ ದೋಣಿ ಮೆಲ್ಲಗೆ ಹೋಗುತ್ತಲೇ ಇರುತ್ತದೆ. ದಡ ಸೇರಬಹುದು. ಪಿನ್ನಿನದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನನ್ನ ಮಟ್ಟಿಗೆ ಕಂಪನಿಗಳು ದೊಡ್ಡ ಮೋಟರುಗಳಲ್ಲಿ ಪಿನ್ ಬಿಟ್ಟು ಬುಷ್ ಹಿಡಿದದ್ದು ಒಳ್ಳೇದೇ ಆಯಿತು.

ಪೀಣ್ಯ ಲೇತು
ಇದು ಕೂತು ಲೆಕ್ಕ ಹಾಕುವವನಿಗೆ ಹೊಳೆಯುವ ಮಾತಲ್ಲ. ಥ್ಯಾಂಕ್ಸ್. ಮತ್ತೆ ಉಪ್ಪು ನೀರಿನಲ್ಲಿ ಹಿತ್ತಾಳೆಯಿಂದ ಸತು ಕರಗಿ ಹೋಗುತ್ತದೆ. ಮೇಲಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಸ್ಪಂಜು. ಕಡಲಲ್ಲಿ ಓಡುವ ಪಿನ್ ಮೋಟರಿಗೆ ಕಂಚಿನ ಪಿನ್ನೇ ವಾಸಿ. ಇಲ್ಲದಿದ್ದರೆ ಪ್ರತಿ ಸೀಸನ್ನಿಗೆ ಬದಲಾಯಿಸಿ.

ಹಡ್ಸನ್ ಹೆಗ್ಗಡೆ
ನಾನೂ ಒಂದು ಸಮಸ್ಯೆ ಸೇರಿಸಲಾ? ನನ್ನದು ಎವಿನ್ರೂಡ್ ಫಾಸ್ಟ್‌ವಿನ್, 18 ಎಚ್.ಪಿ. ಈ ಚರ್ಚೆಯ ಮೊದಲ ಭಾಗ ಓದಿ ಹುಷಾರಾದೆ, ಒಳಗಿದ್ದ ಗಟ್ಟಿ ಪಿನ್ ತೆಗೆದು ಚೆಂದದ ಹಿತ್ತಾಳೆ ಪಿನ್ ಹಾಕಿದೆ. ಒಂದೇ ದಿನದಲ್ಲಿ ಎರಡು ಮುರಿಯಿತು! ಏನಕ್ಕೂ ತಾಗಲಿಲ್ಲ. ಫುಲ್ ರೇಸ್ ಕೊಟ್ಟಾಗ ತಾನಾಗಿಯೇ.

ಚಳಿನಾಡು
ಅಯ್ಯೋ! ಇದಕ್ಕೇ ನಾನು ಎಲ್ಲ ಕಡೆ ಹಿತ್ತಾಳೆ ಹಾಕಿ ಅಂತ ಹೇಳುವುದಿಲ್ಲ. ನಿಮ್ಮ ಪ್ರೊಪೆಲರ್ ನಡುವೆ ನೋಡಿ, ಲೋಹದ ಒಳ ಕೊಳವೆ, ಅದರ ಸುತ್ತ ರಬ್ಬರ್ ಕಾಣಿಸುತ್ತದಾ?

ಹಡ್ಸನ್ ಹೆಗ್ಗಡೆ
ಕಾಣಿಸುತ್ತದೆ.

ಚಳಿನಾಡು
ಹಾಗಿದ್ದರೆ ಅಲ್ಲಿರುವುದು ಶಿಯರ್ ಪಿನ್ ಅಲ್ಲ, ಡ್ರೈವ್ ಪಿನ್. ನೋಡಲು ಅಣ್ಣತಮ್ಮ, ಕೆಲಸ ಪೂರ್ತಿ ಉಲ್ಟಾ. ಒಂದು ಮುರಿಯಬೇಕು, ಇನ್ನೊಂದು ಮುರಿಯಲೇಬಾರದು. ಪೆಟ್ಟು ತಡೆಯುವ ಕೆಲಸ ಅಲ್ಲಿ ರಬ್ಬರಿನದು, ಅಳಿವೆ ಹುಡುಗ ಹೇಳಿದ ಹಾಗೆ. ಪಿನ್ ಗಟ್ಟಿಯಾಗಿಯೇ ಇರಬೇಕು. ನೀವು ತೆಗೆದಿಟ್ಟ ಹಳೇ ಪಿನ್ ಬಾಗಿಲ್ಲದಿದ್ದರೆ ಅದನ್ನೇ ವಾಪಸ್ ಹಾಕಿ.

ಬಿಚ್ಚಿರುವಾಗಲೇ ರಬ್ಬರನ್ನೂ ಪರೀಕ್ಷೆ ಮಾಡಿಬಿಡಿ. ಒಳ ಕೊಳವೆಯಿಂದ ಹೊರಗಿನ ಲೋಹದವರೆಗೆ, ರಬ್ಬರ್ ದಾಟಿ, ಮಾರ್ಕರಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಕೆರೆಗೆ ಹೋಗಿ ಫುಲ್ ರೇಸ್ ಕೊಟ್ಟು ಬನ್ನಿ. ಗೆರೆ ಕೂಡಿಯೇ ಇದ್ದರೆ ರಬ್ಬರ್ ಗಟ್ಟಿ. ಒಳಗಿನ ಗೆರೆ ಒಂದು ಕಡೆ, ಹೊರಗಿನದು ಇನ್ನೊಂದು ಕಡೆ ಹೋಗಿದ್ದರೆ ಬುಷ್ ಜಾರುತ್ತಿದೆ. 60 ವರ್ಷ ದಾಟಿದ ರಬ್ಬರು, ಜಾರಿದರೆ ಆಶ್ಚರ್ಯವಿಲ್ಲ. ಹೊಸ ಬುಷ್ ಪ್ರೆಸ್‌ನಲ್ಲಿ ಸೋಪು ನೀರು ಹಾಕಿ ಕೂರಿಸುತ್ತಾರೆ. ಗ್ರೀಸ್ ಹಾಕಿ ಕೂರಿಸಲು ಹೋಗಬೇಡಿ, ಆಮೇಲೆ ಅದು ಯಾವತ್ತೂ ಹಿಡಿಯುವುದಿಲ್ಲ.

ಹಡ್ಸನ್ ಹೆಗ್ಗಡೆ
ಹಳೇ ಪಿನ್ ಕಸದ ಬುಟ್ಟಿಯಲ್ಲಿತ್ತು, ಪುಣ್ಯಕ್ಕೆ ಕಸದ ಗಾಡಿ ನಾಳೆ. ಹುಡುಕಿ ತೆಗೆದೆ.

ಮೆಂಡೋಟಾ ಮಂಜ
ನನ್ನ ಕಡೆ ಸುದ್ದಿ. ಆನ್‌ಲೈನ್‌ನಲ್ಲಿ ಹಿತ್ತಾಳೆ ಶಿಯರ್ ಪಿನ್ ಅಂತ ಇದ್ದದ್ದು 10 ತರಿಸಿದೆ. ಹಳದಿ, ಫಳಫಳ. ಮೊಳೆ ತೆಗೆಯಲು ಹೋದರೆ ಪೀಣ್ಯದವರು ಹೇಳಿದ್ದೇ ಆಗಿದೆ, ಬಾಗಿ ಸಿಕ್ಕಿಕೊಂಡಿದೆ. ಪ್ರೊಪೆಲರ್ ಕೂಡ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಬಲಾತ್ಕಾರ ಮಾಡುವ ಮುಂಚೆ ಕೇಳೋಣ ಅಂತ ಬಂದೆ.

ಪೀಣ್ಯ ಲೇತು
ಒಳ್ಳೆ ಕೆಲಸ ಮಾಡಿದಿರಿ. ಮೊದಲು ಆ ಹೊಸ ಪಿನ್ನುಗಳಿಗೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಹಿತ್ತಾಳೆ ಅಂಟುವುದಿಲ್ಲ.

ಮೆಂಡೋಟಾ ಮಂಜ
ಎಲ್ಲ 10 ಕೂಡ ಟಪ್ ಅಂತ ಅಂಟಿತು. 😑

ಪೀಣ್ಯ ಲೇತು
ಉಕ್ಕಿಗೆ ಹಿತ್ತಾಳೆ ಬಣ್ಣ. ಪಕ್ಕಕ್ಕಿಡಿ. 3/16 ಹಿತ್ತಾಳೆ ರಾಡು ಒಂದಡಿ ತಂದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು. ಹಳೇ ಪಿನ್ನಿನ ಮೂರು ತುಂಡು ಜೋಡಿಸಿ ಉದ್ದ ಅಳೆಯಿರಿ, ಅಷ್ಟಕ್ಕೇ ಕತ್ತರಿಸಿ, ತುದಿ ಅರದಿಂದ ಉಜ್ಜಿ. ಇಂಡಿಯಾದಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ: 5 ಮಿ.ಮೀ. ರಾಡು ಸಿಗುತ್ತದೆ ಅಂತ ಶಾಫ್ಟಿನ ತೂತು ದೊಡ್ಡದು ಮಾಡಬೇಡಿ. ರಾಡನ್ನು ಲೇತಿಗೆ ಹಾಕಿ ಸಣ್ಣ ಮಾಡಿಸಿ.

ಸಿಕ್ಕಿಕೊಂಡ ಮೊಳೆಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಶಾಫ್ಟಿನ ಕೆಳಗೆ ಮರದ ತುಂಡು ಆನಿಸಿ, ಸರಿಯಾದ ಸೈಜಿನ ಪಂಚ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಹೊಡೆಯಿರಿ. ಆನಿಕೆ ಇಲ್ಲದೆ ಹೊಡೆದರೆ ಶಾಫ್ಟು ಬಾಗುತ್ತದೆ. ಅಲಗು ಹಿಡಿದು ಜಗ್ಗಬೇಡಿ. ಬಿಸಿ ಮಾಡಬಹುದು, ನಿಮ್ಮದರಲ್ಲಿ ರಬ್ಬರ್ ಇಲ್ಲ ಅಂದರೆ ಮಾತ್ರ, ಅದೂ ಮೆತ್ತಗೆ, ಸೀಲಿನಿಂದ ದೂರ.

ಚಳಿನಾಡು
ನಿಲ್ಲಿ, ನಿಲ್ಲಿ! ಅದಕ್ಕೆ ಮುಂಚೆ ಸ್ಪಾರ್ಕ್ ಪ್ಲಗ್ಗಿನ ವಯರು ಎರಡೂ ಕಿತ್ತಿಡಿ. ನಿಮ್ಮದರಲ್ಲಿ ನ್ಯೂಟ್ರಲ್ ಇಲ್ಲ. ಪ್ರೊಪೆಲರ್ ಕೈಯಲ್ಲಿ ತಿರುಗಿಸಿದರೆ ಇಂಜಿನ್ ತಿರುಗುತ್ತದೆ. ಮ್ಯಾಗ್ನೆಟೊ ಮೋಟರು, ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ, ಬ್ಯಾಟರಿ ಕೀ ಏನೂ ಬೇಡ, ಒಂದು ಕಿಡಿ ಬಂದರೆ ಸಾಕು. ಬೆರಳು ಮತ್ತೆ ಸಂತೆಯಲ್ಲಿ ಸಿಗುವುದಿಲ್ಲ.

ಈ ಮಾತು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ನಾನು.

ಐದೆಲೆ ಸೀಗಲ್
ಪ್ರೊಪೆಲರ್ ಬಿಚ್ಚಿದ ಮೇಲೆ ಶಾಫ್ಟಿನ ಬುಡದಲ್ಲಿ ಗಾಳದ ದಾರ ಸುತ್ತಿದೆಯಾ ನೋಡಿ. ಕೂದಲಿನಷ್ಟು ದಾರ, ಆದರೆ ಸೀಲನ್ನು ಬ್ಲೇಡಿನ ಹಾಗೆ ಕತ್ತರಿಸುತ್ತದೆ. ಆಮೇಲೆ ಗೇರ್ ಎಣ್ಣೆಗೆ ನೀರು ಸೇರಿ ಮಜ್ಜಿಗೆ ಆಗುತ್ತದೆ. (ಸೀಗಲ್‌ಗೆ ಅದು ಹುಟ್ಟುಗುಣ, ನಿಮ್ಮ ಜಾನ್ಸನ್‌ಗೆ ಅಲ್ಲ.)

ಮೆಂಡೋಟಾ ಮಂಜ
ಎರಡು ವಾರ ಆಯಿತು, ಬರೆಯಲು ತಡವಾಯಿತು. ಮೊಳೆ ಬಂತು. ಮೂರು ರಾತ್ರಿ ಎಣ್ಣೆ ಕುಡಿಸಬೇಕಾಯಿತು. ಶಾಫ್ಟಿನ ತೂತಿನ ಅಂಚಿನಲ್ಲಿ ಲೋಹ ಎದ್ದು ನಿಂತಿತ್ತು, ಪ್ರೊಪೆಲರ್ ಬಾರದೇ ಇದ್ದದ್ದು ಅದಕ್ಕೇ. ಸಣ್ಣ ಅರದಲ್ಲಿ ಉಜ್ಜಿದೆ. ಗಾಳದ ದಾರವೂ ಇತ್ತು, ಸುಮಾರು ಎರಡು ಮೊಳ. ಸೀಲ್ ಉಳಿದಿದೆ. ಶಾಫ್ಟಿಗೆ ನೀರು ನಿಲ್ಲದ ಗ್ರೀಸ್ ಹಚ್ಚಿ, ಹಿತ್ತಾಳೆ ಪಿನ್ ಹಾಕಿ, ಹೊಸ ಸ್ಟೇನ್‌ಲೆಸ್ ಕಾಟರ್ ಪಿನ್ ಬಾಗಿಸಿದೆ.

ನಿನ್ನೆ ಕೆರೆಗೆ ಹೋದಾಗ ಬೇಕಂತಲೇ ಅದೇ ಬೊಡ್ಡೆಯ ಕಡೆ ಹೋಗಲಿಲ್ಲ. ಆದರೂ ಒಂದು ಕಲ್ಲು ಸಿಕ್ಕಿತು! ಟಕ್. ಈ ಸಲ ಹೆದರಲಿಲ್ಲ. ಮೋಟರ್ ಎತ್ತಿ, ವಯರು ಕಿತ್ತು, ಪಿನ್ ಬದಲಾಯಿಸಿದೆ. ಪಿನ್ ಹಾಕಿದ್ದು ಎರಡೇ ನಿಮಿಷ. ಶಂಕು ನಟ್ಟು ಕೈಜಾರಿ ನೀರಿಗೆ ಬಿದ್ದದ್ದನ್ನು ಹುಡುಕಿದ್ದು ಮುಕ್ಕಾಲು ಗಂಟೆ. ಮೊಣಕಾಲುದ್ದ ನೀರು, ಕೆಸರು, ಜೊತೆಗೆ ಹೆಂಡತಿಯ ನಗು.

ಸುಮ್ನೆ ಓದುವವಳು
ಮ್ಯಾಗ್ನೆಟ್ ಹಗ್ಗಕ್ಕೆ ಕಟ್ಟಿ ಬಿಟ್ಟಿದ್ದರೆ ಸಿಗುತ್ತಿತ್ತು ಅಲ್ವಾ?

ಮೆಂಡೋಟಾ ಮಂಜ
ಬಿಟ್ಟೆ. ಎರಡು ಬಾಟಲಿ ಮುಚ್ಚಳ, ಒಂದು ಗಾಳದ ಕೊಕ್ಕೆ ಬಂತು. ನಟ್ಟು ಕಬ್ಬಿಣದ್ದಲ್ಲ.

ಅಳಿವೆ ಹುಡುಗ
ಮುಂದಿನ ಸಲ ಮೋಟರಿನ ಕೆಳಗೆ ಒಂದು ಬಲೆ ಚೀಲ ಹಿಡಿದು ಬಿಚ್ಚಿ. ಅಪ್ಪ ಹಾಗೇ ಮಾಡುವುದು.